ಒಂದು ಲಕ್ಷ ತೊಂಬತ್ತಾರು ಸಾವಿರ

ಕಲ್ಯಾಣದ ಮಾತು ಬಂದಾಗಲೆಲ್ಲ ಹಿರಿಯರ ನಾಲಗೆಯ ಮೇಲೆ ಒಂದು ಸಂಖ್ಯೆ ತಾನಾಗಿ ಬಂದು ನಿಲ್ಲುತ್ತದೆ. ಬಸವಣ್ಣನವರ ಮಹಾಮನೆಯಲ್ಲಿ ದಾಸೋಹಕ್ಕೆ ಕೂಡುತ್ತಿದ್ದ ಜಂಗಮರು 1,96,000 ಎಂದು ಸಂಪ್ರದಾಯ ಹೇಳುತ್ತದೆ. ಇದು ತಲೆಯೆಣಿಕೆಯ ಲೆಕ್ಕವೋ ಭಕ್ತಿಯ ಲೆಕ್ಕವೋ ಎಂಬ ಚರ್ಚೆ ಇತಿಹಾಸಕಾರರಿಗಿರಲಿ. ಸಂಖ್ಯೆಯನ್ನು ಸಂಖ್ಯೆಯಾಗಿಯೇ ಬಿಡಿಸಿ ನೋಡುವುದು ನಮ್ಮ ಇಂದಿನ ಕೆಲಸ. ಶಾಲೆಗೆ ಹೋಗುವ ಮಕ್ಕಳನ್ನೂ ಹತ್ತಿರ ಕೂಡಿಸಿಕೊಳ್ಳಿರಿ.

196 ಎಂಬುದು 14ರ ವರ್ಗ. ಅದನ್ನು ಸಾವಿರದಿಂದ ಗುಣಿಸಿದರೆ ನಮ್ಮ ಸಂಖ್ಯೆ. ಅವಿಭಾಜ್ಯ ಸಂಖ್ಯೆಗಳಾಗಿ ಒಡೆದಾಗ ಐದು 2, ಮೂರು 5, ಎರಡು 7 ದೊರೆಯುತ್ತವೆ, ಬೇರೇನೂ ಇಲ್ಲ. ಈ ಎಣಿಕೆಗಳಿಗೆ ಒಂದೊಂದು ಕೂಡಿಸಿ ಗುಣಿಸಿದರೆ (6 × 4 × 3) 72. ಅಂದರೆ ಇದಕ್ಕೆ 72 ಅಪವರ್ತನಗಳು.

ದಾಸೋಹದ ಭಾಷೆಯಲ್ಲಿ ಹೇಳುವುದಾದರೆ, ಯಾರೂ ಹೊರಗುಳಿಯದಂತೆ, ಯಾವ ಪಂಕ್ತಿಯೂ ಅರ್ಧವಾಗದಂತೆ ಕುಳ್ಳಿರಿಸಲು 72 ಅಳತೆಯ ಪಂಕ್ತಿಗಳುಂಟು. ಐವತ್ತು ಜನರಂತೆ 3,920 ಪಂಕ್ತಿ, ಎಪ್ಪತ್ತರಂತೆ 2,800, ನೂರಿಪ್ಪತ್ತೈದರಂತೆ 1,568. ಆದರೆ 3 ಇದರಲ್ಲಿಲ್ಲವಾದ್ದರಿಂದ ಅರವತ್ತರ ಪಂಕ್ತಿ ಹೊಂದದು. 11 ಇಲ್ಲವಾದ್ದರಿಂದ 770 ಅಮರಗಣಂಗಳಿಗೂ ಸಮನಾಗಿ ಹಂಚಿಹೋಗದು. ತಲೆಗೆ 254 ಕೊಟ್ಟ ಮೇಲೆ 420 ಉಳಿಯುತ್ತದೆ.

ಇನ್ನು ಬಾಗಿಲಿಗೆ ಒಬ್ಬರೇ ಒಬ್ಬ ಜಂಗಮರು ಹೆಚ್ಚಾಗಿ ಬಂದರೆನ್ನಿ. 1,96,001 ಎಂಬುದು 13 × 15,077, ಎರಡೂ ಅವಿಭಾಜ್ಯ. ಎಪ್ಪತ್ತೆರಡು ದಾರಿಗಳಿದ್ದಲ್ಲಿ ನಾಲ್ಕೇ ಉಳಿದವು! ಬಂದವರನ್ನು ಹಿಂದಕ್ಕೆ ಕಳಿಸುವ ಮನೆಯಂತೂ ಅದಲ್ಲ, ಪಂಕ್ತಿಯೇ ಸೊಟ್ಟಗಾಗಲಿ.

ಅಂಕಿಗಳನ್ನು ಕೂಡಿಸಿ 16, ಮತ್ತೆ ಕೂಡಿಸಿ 7 ಎಂದು ಇದರಲ್ಲಿ ಗೂಢಾರ್ಥ ಹುಡುಕುವವರುಂಟು. ಅದು ಗಣಿತವಲ್ಲ; ಶರಣರ ಮಾರ್ಗಕ್ಕೂ ಸಲ್ಲುವುದಿಲ್ಲ. ಇಲ್ಲಿನ ಅಪವರ್ತನಗಳ ಸಂಪತ್ತಿನಲ್ಲಿ ಮೂರು ಸೊನ್ನೆಗಳ ಪಾಲೇ ದೊಡ್ಡದು. ಸಾವಿರಕ್ಕೇ 16 ಅಪವರ್ತನಗಳಿರುವುದರಿಂದ, ಮೂರು ಸೊನ್ನೆಗಳಲ್ಲಿ ಮುಗಿಯುವ ಯಾವ ಸಂಖ್ಯೆಗೂ ಅಷ್ಟಾದರೂ ಇದ್ದೇ ಇರುತ್ತವೆ. ಆದುದರಿಂದ ಈ ಗುಣಗಳು ಸಂಪ್ರದಾಯದ ಮಾತನ್ನು ಸಾಧಿಸುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ.

ಒಂದು ಗುಣವನ್ನು ಮಾತ್ರ ಹೇಳದೆ ಬಿಡಲಾರೆ. ಈ ಸಂಖ್ಯೆಯನ್ನು ಬಿಟ್ಟು ಉಳಿದ 71 ಅಪವರ್ತನಗಳನ್ನು ಕೂಡಿಸಿದರೆ 3,64,196 ಆಗುತ್ತದೆ. ಹೀಗೆ ಭಾಗಗಳ ಮೊತ್ತ ಮೂಲವನ್ನು ಮೀರಿದರೆ ಅದು ಸಮೃದ್ಧ ಸಂಖ್ಯೆ. ಕ್ರಿ.ಶ. 100ರ ಸುಮಾರಿನ ಗ್ರೀಕ್ ಗಣಿತಜ್ಞ ನಿಕೋಮಾಕಸ್ ಇಂಥವನ್ನು ಅತಿರೇಕವೆಂದು ಬಗೆದು, ಅಂಗಾಂಗಗಳು ಮಿತಿಮೀರಿ ಬೆಳೆದ ಪ್ರಾಣಿಗೆ ಹೋಲಿಸಿದನು. ಹಂಚಿದಷ್ಟೂ ಹೆಚ್ಚುವುದನ್ನು ದೋಷವೆನ್ನಲು ನಮಗೆ ಮನಸ್ಸು ಬಾರದು.

ಮಕ್ಕಳಿಗೊಂದು ಲೆಕ್ಕ: 1,96,000 ಪೂರ್ಣವರ್ಗವಲ್ಲ. ಯಾವ ಅತಿ ಚಿಕ್ಕ ಸಂಖ್ಯೆಯಿಂದ ಗುಣಿಸಿದರೆ ಅದು ಪೂರ್ಣವರ್ಗವಾದೀತು? ಮೇಲೆ ಒಡೆದಿಟ್ಟ 2, 5, 7ಗಳಲ್ಲಿ ಯಾವುದು ಜೋಡಿ ತಪ್ಪಿದೆಯೆಂದು ನೋಡಿದರೆ ಸಾಕು.