ಮದ್ದಿದೆ, ಮಗು ಸಿಗಬೇಕಷ್ಟೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ತಾಲ್ಲೂಕು ಊರೊಂದರ ಬುದ್ಧಿಮಾಂದ್ಯ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ನಿಮ್ಮ ಮೇಜಿಗೆ ಬರುವ ಅರ್ಜಿಗಳಲ್ಲಿ ಬಹುಪಾಲು ಹೊಸದೇನನ್ನೋ ಕೇಳುತ್ತವೆ: ಹೊಸ ಕಟ್ಟಡ, ಹೊಸ ಯಂತ್ರ, ಹೊಸ ಸಂಸ್ಥೆ. ನಾನು ಕೇಳುತ್ತಿರುವುದು ಹಳೆಯದು. ವಿಜ್ಞಾನಿಗಳು ಸುಮಾರು ಐವತ್ತು ವರ್ಷಗಳ ಹಿಂದೆಯೇ ಮಾಡಿ ಮುಗಿಸಿಕೊಟ್ಟ ಕೆಲಸ. ರಾಜ್ಯದ ಯಾವ ಮೂಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೂ ಥೈರಾಯ್ಡ್ ಪರೀಕ್ಷೆ ತಪ್ಪದೆ, ಪುಕ್ಕಟೆಯಾಗಿ ಆಗಬೇಕು. ತೊಂದರೆಯಿದ್ದ ಮಗುವಿಗೆ ಎರಡು ವಾರದೊಳಗೆ ಮಾತ್ರೆ ಶುರುವಾಗಬೇಕು. ಇಷ್ಟೇ.

ಹುಟ್ಟುವಾಗಲೇ ಥೈರಾಯ್ಡ್ ಗ್ರಂಥಿ ಇಲ್ಲದ, ಇದ್ದರೂ ಸರಿಯಾಗಿ ಕೆಲಸ ಮಾಡದ ಮಕ್ಕಳಿದ್ದಾರೆ. ಮೊದಲ ಎರಡು ಮೂರು ವರ್ಷ ಮಿದುಳು ಬೆಳೆಯುವುದಕ್ಕೆ ಆ ಗ್ರಂಥಿಯ ಹಾರ್ಮೋನು ಬೇಕೇ ಬೇಕು. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಒಂದಿಷ್ಟು ಸಿಕ್ಕಿರುತ್ತದೆ, ಹಾಗಾಗಿ ಹುಟ್ಟಿದಾಗ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಕಾಮಾಲೆ ಬೇಗ ಇಳಿಯುವುದಿಲ್ಲ, ಮಲಬದ್ಧತೆ, ಗೊಗ್ಗರು ಅಳು, ಯಾವಾಗಲೂ ನಿದ್ದೆ. ಮನೆಯ ಅಜ್ಜಿ ‘ಎಷ್ಟು ಸಾಧು ಮಗು, ರಾತ್ರಿಯಿಡೀ ಒಂದು ಸದ್ದಿಲ್ಲ’ ಎಂದು ದೃಷ್ಟಿ ತೆಗೆಯುತ್ತಾರೆ. ಆ ಸಾಧುತನವೇ ರೋಗ ಎಂದು ತಿಳಿಯುವ ಹೊತ್ತಿಗೆ ಮಗುವಿಗೆ ಎರಡೋ ಮೂರೋ ವರ್ಷ ತುಂಬಿರುತ್ತದೆ. ಆಗ ಮಾತ್ರೆ ಕೊಟ್ಟರೆ ಮೈ ಬೆಳೆಯುತ್ತದೆ, ಮಲಬದ್ಧತೆ ಹೋಗುತ್ತದೆ. ಮಿದುಳು ಕಳೆದುಕೊಂಡದ್ದು ಮಾತ್ರ ಮರಳಿ ಬರುವುದಿಲ್ಲ.

ನನ್ನ ತರಗತಿಯಲ್ಲಿ ಅಂಥ ಒಬ್ಬ ಹುಡುಗನಿದ್ದ. ಮೂರು ವರ್ಷವಾದರೂ ನಡೆಯಲಿಲ್ಲವೆಂದು ಊರೂರು ಅಲೆದ ಮೇಲೆ ಯಾರೋ ಒಬ್ಬ ವೈದ್ಯರು ರಕ್ತ ಪರೀಕ್ಷೆ ಬರೆದುಕೊಟ್ಟಿದ್ದರು. ಹತ್ತು ವರ್ಷದ ಹುಡುಗನಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಸಲು ನಮಗೆ ಒಂದಿಡೀ ವರ್ಷ ಹಿಡಿಯಿತು. ಅವನ ತಾಯಿ ತನ್ನ ಸೋದರಮಾವನನ್ನೇ ಮದುವೆಯಾಗಿದ್ದರು. ಗ್ರಂಥಿಯಿದ್ದೂ ಹಾರ್ಮೋನು ತಯಾರಾಗದ ಬಗೆ ಅನುವಂಶೀಯ. ರಕ್ತಸಂಬಂಧದ ಮದುವೆಗಳಲ್ಲಿ ಅದರ ಸಾಧ್ಯತೆ ಹೆಚ್ಚು. ಹಾಗಾಗಿ ಎರಡನೆಯ ಹೆರಿಗೆಯಾದ ವಾರದಲ್ಲೇ ವೈದ್ಯರು ಕೂಸಿನ ರಕ್ತವನ್ನೂ ಪರೀಕ್ಷಿಸಿದರು. ಅವಳಿಗೂ ಅದೇ ತೊಂದರೆಯಿತ್ತು. ತಾಯಿ ದಿನಾ ಬೆಳಗ್ಗೆ ಮಾತ್ರೆಯ ತುಣುಕನ್ನು ಎರಡು ಚಮಚಗಳ ನಡುವೆ ಇಟ್ಟು ಪುಡಿ ಮಾಡಿ, ನಾಲ್ಕು ಹನಿ ಎದೆಹಾಲಿನಲ್ಲಿ ಕಲಸಿ, ಮಗುವಿನ ಕೆನ್ನೆಯ ಒಳಬದಿಗೆ ಬಿಡುವುದನ್ನು ನಾನೇ ನೋಡಿದ್ದೇನೆ. ಚಮಚದ ಅಂಚಿಗೆ ಅಂಟಿದ ಪುಡಿಯನ್ನೂ ಮತ್ತೊಂದು ಹನಿ ಹಾಲು ಹಾಕಿ ಬಳಿದು ಕುಡಿಸುತ್ತಿದ್ದರು. ಆ ಹುಡುಗಿ ಈಗ ಎಸ್‌ಎಸ್‌ಎಲ್‌ಸಿಯಲ್ಲಿದ್ದಾಳೆ, ಗಣಿತ ಒಂದು ಬಿಟ್ಟರೆ ಉಳಿದೆಲ್ಲದರಲ್ಲೂ ಮುಂದು. ಗಣಿತದಲ್ಲಿ ಹಿಂದಿರುವುದಕ್ಕೆ ಥೈರಾಯ್ಡ್ ಕಾರಣವಲ್ಲ, ಅದು ನಮ್ಮೂರಿನ ಸಾಮಾನ್ಯ ಕಾಯಿಲೆ! ಒಂದೇ ಮನೆ, ಒಂದೇ ತಾಯಿ ತಂದೆ, ಒಂದೇ ರೋಗ. ವ್ಯತ್ಯಾಸವಿದ್ದದ್ದು ಪರೀಕ್ಷೆಯಾದ ದಿನದಲ್ಲಿ.

ಈ ಪರೀಕ್ಷೆಯ ಚರಿತ್ರೆ ಉದ್ದವಾದದ್ದೇನಲ್ಲ. ಅಮೆರಿಕದ ರಾಬರ್ಟ್ ಗಥ್ರಿ ಬುದ್ಧಿಮಾಂದ್ಯ ಮಗನ ತಂದೆ. 1960ರ ದಶಕದ ಆರಂಭದಲ್ಲಿ, ಶಿಶುವಿನ ಹಿಮ್ಮಡಿಯ ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪಿಕೆಯು ಎಂಬ ಇನ್ನೊಂದು ರೋಗವನ್ನು ಹಿಡಿಯುವ ದಾರಿ ತೋರಿಸಿದರು. 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಜೀನ್ ದುಸೋ ಅದೇ ಬಗೆಯ ಒಣಗಿದ ರಕ್ತದ ಚುಕ್ಕೆಯಲ್ಲಿ ಥೈರಾಯ್ಡ್ ಹಾರ್ಮೋನನ್ನು ಅಳೆದರು. ಶ್ರೀಮಂತ ದೇಶಗಳಲ್ಲಿ ಇದು ಈಗ ಹೆರಿಗೆ ಮನೆಯ ದಿನಚರಿ.

ನಾವು ತೀರಾ ಹಿಂದೆ ಬಿದ್ದವರು ಎಂದುಕೊಳ್ಳಬೇಡಿ. 1980ರ ದಶಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ 1,12,269 ನವಜಾತ ಶಿಶುಗಳ ರಕ್ತವನ್ನು ಪಿಕೆಯುವಿನಂಥ ಅಮೈನೋ ಆಮ್ಲದ ದೋಷಗಳಿಗಾಗಿ ಪರೀಕ್ಷಿಸಿ, 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರ್ ಹಾಗಿರಲಿ, ಫೋನೇ ಅಪರೂಪವಾಗಿದ್ದ ಕಾಲದಲ್ಲಿ ಲಕ್ಷ ಮೀರಿದ ಕೂಸುಗಳು! ನಮ್ಮ ರಾಜ್ಯದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೆ ಎಂದು ತೋರಿಸಿದ್ದೂ ಆ ಕಾಲದ ಇಂಥ ಅಧ್ಯಯನಗಳೇ. ಸಂಶೋಧನೆ ಲೇಖನವಾಯಿತು, ಲೇಖನ ಗ್ರಂಥಾಲಯ ಸೇರಿತು. ನಾನು ಮಾತಾಡಿಸಿದ ನಮ್ಮ ಸುತ್ತಿನ ಹಳ್ಳಿಗಳ ಬಾಣಂತಿಯರಲ್ಲಿ ಮಗುವಿಗೆ ಥೈರಾಯ್ಡ್ ಪರೀಕ್ಷೆಯಾಯಿತೆಂದು ಹೇಳಿದವರು ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕಟ್ಟಿದವರು ಮಾತ್ರ.

ನಮ್ಮ ದೇಶದಲ್ಲಿ ಇದೆಷ್ಟು ಮಕ್ಕಳಿಗಿದೆ ಎಂಬುದೂ ಈಗ ಗೊತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ನಗರಗಳಲ್ಲಿ ಲಕ್ಷ ದಾಟಿದ ಶಿಶುಗಳನ್ನು ಪರೀಕ್ಷಿಸಿದಾಗ 1,130 ಮಕ್ಕಳಲ್ಲಿ ಒಬ್ಬರಿಗೆ ಈ ತೊಂದರೆ ಕಂಡಿತು. ನಮ್ಮ ಪಕ್ಕದ ಚೆನ್ನೈಯಲ್ಲಿ 727ಕ್ಕೆ ಒಬ್ಬರು. ಕರ್ನಾಟಕದಲ್ಲಿ ವರ್ಷಕ್ಕೆ ಹತ್ತು ಲಕ್ಷದ ಆಸುಪಾಸು ಹೆರಿಗೆಗಳಾಗುತ್ತವೆ. ಆ ಐದು ನಗರಗಳ ಸರಾಸರಿ ಹಿಡಿದರೂ ಪ್ರತಿವರ್ಷ ಎಂಟುನೂರಕ್ಕೂ ಹೆಚ್ಚು ಮಕ್ಕಳು. ಗೋವಾ 2008ರಲ್ಲೇ ನವಜಾತ ಶಿಶುಗಳ ತಪಾಸಣೆ ಆರಂಭಿಸಿತು. ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಪುಕ್ಕಟೆ. ನಮ್ಮ ಎರಡು ಗಡಿಗಳಾಚೆ ಆಗುವುದು ಇಲ್ಲೇಕೆ ಆಗಬಾರದು? 2013ರಲ್ಲಿ ಕೇಂದ್ರ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಹುಟ್ಟು ಥೈರಾಯ್ಡ್ ಕೊರತೆಯೂ ಇದೆ. ಆದರೆ ಕೊನೆಯಲ್ಲಿ, ‘ಐಚ್ಛಿಕ’ ಎಂಬ ಒಕ್ಕಣೆಯೊಡನೆ. ರಾಜ್ಯ ಇಚ್ಛಿಸಿದರೆ ಉಂಟು. ಆ ಇಚ್ಛೆ ನಿಮ್ಮ ಸಹಿಯಲ್ಲಿದೆ.

ಇನ್ನು, ಆದೇಶ ಹೊರಡಿಸಿ ಸುಮ್ಮನಾದರೆ ಏನಾಗುತ್ತದೆ ಎಂಬುದನ್ನೂ ಹೇಳುತ್ತೇನೆ, ಏಕೆಂದರೆ ಇಂಥ ಯೋಜನೆಗಳು ಎಡವುವುದು ಪ್ರಯೋಗಾಲಯದಲ್ಲಲ್ಲ. ಥೈರಾಯ್ಡ್ ಕೊರತೆಯಿದ್ದರೆ ರಕ್ತದಲ್ಲಿ ಏರುವ ಟಿಎಸ್‌ಎಚ್ ಎಂಬ ಹಾರ್ಮೋನು ಹುಟ್ಟಿದ ಮೊದಲೆರಡು ದಿನ ಎಲ್ಲ ಶಿಶುಗಳಲ್ಲೂ ತಾನಾಗಿಯೇ ಏರಿರುತ್ತದೆ. ಆಗ ಹಿಮ್ಮಡಿ ಚುಚ್ಚಿದರೆ ಸುಮ್ಮಸುಮ್ಮನೆ ಗಾಬರಿ. ನಲವತ್ತೆಂಟು ಗಂಟೆ ಕಾಯಬೇಕು. ಕಾಯುವಷ್ಟರಲ್ಲಿ ಹಾಸಿಗೆ ಸಾಲದೆಂದೋ ಮನೆಯವರ ಅವಸರಕ್ಕೋ ಬಾಣಂತಿ ಹೊರಟುಹೋಗಿರುತ್ತಾಳೆ. ಇದಕ್ಕೆ ವೈದ್ಯರು ಬಲ್ಲ ಪರಿಹಾರವಿದೆ: ಹೆರಿಗೆಯಾದ ಕೂಡಲೇ, ಆ ಏರಿಕೆಗೂ ಮೊದಲೇ, ಹೊಕ್ಕುಳಬಳ್ಳಿಯ ರಕ್ತ ತೆಗೆದಿಡುವುದು. ಹೇಗೂ ಎಸೆಯುವ ರಕ್ತ, ಮಗುವನ್ನು ಚುಚ್ಚುವ ಪ್ರಮೇಯವೂ ಇಲ್ಲ. ದೊಡ್ಡವರ ಥೈರಾಯ್ಡ್ ನೋಡುವ ಜಿಲ್ಲಾ ಆಸ್ಪತ್ರೆಯ ಯಂತ್ರದಲ್ಲೇ ಅದನ್ನೂ ನೋಡಬಹುದು.

ಫಲಿತಾಂಶ ಬಂತು, ಟಿಎಸ್‌ಎಚ್ ಹೆಚ್ಚಿದೆ ಎನ್ನೋಣ. ಯಾರಿಗೆ ಹೇಳುವುದು? ತಾಯಿ ಕಾರ್ಡಿನಲ್ಲಿರುವುದು ಗಂಡನ ಮನೆಯ ವಿಳಾಸ. ಹುಡುಗಿ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ, ಬೇರೆ ತಾಲ್ಲೂಕು, ಕೆಲವೊಮ್ಮೆ ಬೇರೆ ಜಿಲ್ಲೆ. ಕೊಟ್ಟ ಮೊಬೈಲ್ ನಂಬರು ಗಂಡನದು. ಅವನು ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದಾನೆ, ಗೊತ್ತಿಲ್ಲದ ನಂಬರಿನ ಕರೆ ಎತ್ತುವುದಿಲ್ಲ. ಎತ್ತಿದರೂ ‘ಮಗು ಚೆನ್ನಾಗೇ ಇದೆ ಸಾರ್, ಮೂರು ತಿಂಗಳಾದ ಮೇಲೆ ಕರೆತರುತ್ತೀವಿ’ ಎನ್ನುತ್ತಾನೆ. ಆ ಮೂರು ತಿಂಗಳಲ್ಲೇ ಎಲ್ಲ ಇರುವುದು. ತವರಿನ ವಿಳಾಸಕ್ಕೆ, ತಾಯಿಯ ತಾಯಿಯ ಫೋನಿಗೆ ಕಾರ್ಡಿನಲ್ಲೊಂದು ಕಾಲಂ ಸೇರಿಸಲು ಎಷ್ಟು ಖರ್ಚಾಗುತ್ತದೆ, ಹೇಳಿ? ಆಶಾ ಕಾರ್ಯಕರ್ತೆ ಹೇಗೂ ಮೂರನೇ, ಏಳನೇ, ಹದಿನಾಲ್ಕನೇ ದಿನ ಬಾಣಂತಿಯ ಮನೆ ಬಾಗಿಲಿಗೆ ಹೋಗಬೇಕೆಂಬ ನಿಯಮವಿದೆ. ಏಳನೇ ದಿನದ ಭೇಟಿಗೆ ಫಲಿತಾಂಶ ಅವಳ ಕೈಯಲ್ಲಿರಲಿ. ಮಾತ್ರೆಯ ಡಬ್ಬಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಲಿ. ಆ ಹೆಚ್ಚುವರಿ ಕೆಲಸಕ್ಕೆ ಅವಳಿಗೆ ಗೌರವಧನ ಕೊಡಿ. ಅದನ್ನೂ ಸೇವೆಯ ಲೆಕ್ಕಕ್ಕೆ ಹಾಕಬೇಡಿ.

ಎಲ್ಲ ಬಗೆಯ ಬುದ್ಧಿಮಾಂದ್ಯಕ್ಕೂ ಮದ್ದು ಸಿಕ್ಕಿದೆ ಎಂಬ ಭ್ರಮೆ ನನಗಿಲ್ಲ. ಫ್ರಾಜೈಲ್ ಎಕ್ಸ್ ಎಂಬ ತೊಂದರೆಯ ವಂಶವಾಹಿ 1991ರಲ್ಲೇ ಸಿಕ್ಕಿತು. ಇಲಿಗಳಲ್ಲಿ ಗುಣ ತೋರಿಸಿದ ಔಷಧಿ ಮನುಷ್ಯರಲ್ಲಿ ಸೋತು, 2014ರಲ್ಲಿ ನೊವಾರ್ಟಿಸ್ ಕಂಪನಿ ಆ ಪ್ರಯತ್ನವನ್ನೇ ಕೈಬಿಟ್ಟಿತು. ನನ್ನ ಶಾಲೆಯ ಬಹುತೇಕ ಮಕ್ಕಳಿಗೆ ಇಂದಿಗೂ ಮಾತ್ರೆಯಿಲ್ಲ. ಕಲಿಸುವವರ ತಾಳ್ಮೆಯೇ ಚಿಕಿತ್ಸೆ. ಆ ಸಂಶೋಧನೆಗಳು ನಡೆಯಲಿ, ಅವಕ್ಕೆ ಹಣವೂ ಹೋಗಲಿ. ಆದರೆ ಪ್ರಪಂಚದ ಪ್ರಯೋಗಾಲಯಗಳು ಇಷ್ಟು ಹೆಣಗುತ್ತಿರುವಾಗ, ದಿನಕ್ಕೆ ಒಂದೆರಡು ರೂಪಾಯಿಯ ಮಾತ್ರೆಯಿಂದ ತಡೆಯಬಹುದಾದದ್ದನ್ನೇ ತಡೆಯದೆ ಬಿಡುವುದಕ್ಕೆ ಯಾವ ನೆಪವೂ ಸಾಲದು. ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಡಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೂ ನೆರವು ಸಿಗುತ್ತದೆ. ಸಂತೋಷ. ಹುಟ್ಟು ಥೈರಾಯ್ಡ್ ಕೊರತೆ ಅಪರೂಪದ ರೋಗವೂ ಅಲ್ಲ, ದುಬಾರಿಯೂ ಅಲ್ಲ; ಬಹುಶಃ ಅದಕ್ಕೇ ಯಾರ ಕಣ್ಣಿಗೂ ಬೀಳುತ್ತಿಲ್ಲ.

ತಡವಾಗಿ ಪತ್ತೆಯಾದ ಮಕ್ಕಳು ಜಿಲ್ಲಾ ಕೇಂದ್ರದ ಥೆರಪಿಗೆ ಬರುತ್ತಾರೆ, ಆಮೇಲೆ ನಮ್ಮಂಥ ಶಾಲೆಗಳಿಗೆ, ಆಮೇಲೆ ಅಂಗವಿಕಲರ ಮಾಸಾಶನದ ಸಾಲಿಗೆ. ಅವರಿಗೆ ಅದೆಲ್ಲ ಸಿಗಲೇಬೇಕು, ಅದು ಅವರ ಹಕ್ಕು. ಆದರೆ ಆ ಸಾಲಿನಲ್ಲಿ ನಿಲ್ಲಬೇಕಾಗಿಯೇ ಇರದಿದ್ದ ಮಕ್ಕಳನ್ನು ನಾನು ಕಂಡಿದ್ದೇನೆ.

ಆದ್ದರಿಂದ ಸಚಿವರೇ, ‘ಪರಿಶೀಲಿಸಲಾಗುವುದು’ ಎಂಬ ಉತ್ತರ ದಯವಿಟ್ಟು ಬೇಡ. ಎಲ್ಲ ಜಿಲ್ಲೆಗಳಲ್ಲಿ ಒಮ್ಮೆಲೇ ಆಗದಿದ್ದರೆ ನಾಲ್ಕು ಜಿಲ್ಲೆಗಳಲ್ಲಿ ಶುರು ಮಾಡಿ. ಯಾವ ಜಿಲ್ಲೆಗಳು, ಯಾವ ತಾರೀಖಿನಿಂದ, ಫಲಿತಾಂಶವನ್ನು ಮನೆಗೆ ಮುಟ್ಟಿಸುವ ಹೊಣೆ ಯಾವ ಅಧಿಕಾರಿಯದು, ಈ ಮೂರನ್ನು ಆದೇಶದಲ್ಲಿ ಬರೆದು ಪ್ರಕಟಿಸಿ.


ನಿವೃತ್ತ ವಿಶೇಷ ಶಿಕ್ಷಕಿ