ಸೀಸೆಯ ವರ್ತಕನೂ ಬೀದಿಯ ನಾಯಿಗಳೂ

ಹಳೆಯ ಮಂಡಿ ವರ್ತಕರ ಲೆಕ್ಕದ ಪುಸ್ತಕಗಳನ್ನು ನೋಡಿದವರಿಗೆ ‘ಧರ್ಮಾದಾಯ’ವೆಂಬ ಬಾಬು ಪರಿಚಿತವಾಗಿಯೇ ಇರುವುದು. ಮಾರಿದ ಸರಕಿನ ಮೇಲೆ ಮೂಟೆಗೆ ಇಷ್ಟೆಂದು ಕಾಸುಗಳನ್ನು ಎತ್ತಿಟ್ಟು, ಅದನ್ನು ಲಾಭದೊಡನೆ ಕಲಸದೆ, ಛತ್ರಕ್ಕೋ ಅರವಟ್ಟಿಗೆಗೋ ದನಗಳ ಮೇವಿಗೋ ವಿನಿಯೋಗಿಸುವ ಪದ್ಧತಿಯದು. ಉಂಡು ಮಿಕ್ಕಿದ್ದನ್ನು ಕೊಡುವುದೇ ದಾನವೆಂದು ತಿಳಿದವರು ಬಹುಮಂದಿ. ಈ ಪದ್ಧತಿಯಲ್ಲಾದರೋ ಲಾಭನಷ್ಟಗಳ ಗಣನೆಗೆ ಮುಂಚಿತವಾಗಿಯೇ ದಾನದ ಪಾಲು ಬೇರೆಯಾಗುತ್ತದೆ. ಮೂಕಪ್ರಾಣಿಗಳ ರಕ್ಷಣೆಗೆಂದು ಮುಂಬಯಿಯಲ್ಲಿ ಹುಟ್ಟಿದ ಒಂದು ದೊಡ್ಡ ಸಂಸ್ಥೆಯು ಇಂಥ ಕಾಸುಗಳಿಂದಲೇ ಬೆಳೆಯಿತು. ಅದರ ಸ್ಥಾಪಕರಲ್ಲೊಬ್ಬನು ಖಾಲಿ ಸೀಸೆಗಳ ವ್ಯಾಪಾರದಿಂದ ಮೇಲೆ ಬಂದವನು. ಈ ತಿಂಗಳು ಅವನ ವಿಚಾರವನ್ನು ವಾಚಕರ ಮುಂದಿಡುತ್ತೇನೆ.

ಜಮ್‌ಶೇಟ್‌ಜಿ ಜೀಜೀಭಾಯಿ ಎಂಬ ಪಾರಸಿಕ ಗೃಹಸ್ಥನು ಹುಟ್ಟಿದ್ದು 1783ರಲ್ಲಿ. 1799ರಲ್ಲಿ, ಮೀಸೆ ಮೂಡುವ ಕಾಲಕ್ಕೆ, ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು ಮುಂಬಯಿಯಲ್ಲಿದ್ದ ಸೋದರಮಾವನ ಆಶ್ರಯಕ್ಕೆ ಬಂದನು. ಮಾವನದು ಸೀಸೆಗಳನ್ನು ಕೊಂಡು ಮಾರುವ ಅಂಗಡಿ. ಅದರಿಂದ ಆ ಮನೆತನಕ್ಕೆ ‘ಬಾಟ್ಲಿವಾಲ’ನೆಂಬ ಅಡ್ಡಹೆಸರು. ಹುಡುಗನಿಗೆ ಶಾಲೆಯ ವಿದ್ಯೆಯು ಅಷ್ಟಾಗಿ ಲಭಿಸಿರಲಿಲ್ಲ. ಆದರೂ ಮುಂದೆ ಆತನು ತನ್ನನ್ನು ಬಾಟ್ಲಿವಾಲನೆಂದು ಕರೆದುಕೊಳ್ಳಲು ನಾಚಲಿಲ್ಲ. ಮಾವನ ಮಗಳು ಅವಾಬಾಯಿಯನ್ನು 1803ರಲ್ಲಿ ವರಿಸಿದನು.

ಆ ಕಾಲದಲ್ಲಿ ಸಮುದ್ರಯಾನವು ಸಾಮಾನ್ಯ ವಿಷಯವಾಗಿರಲಿಲ್ಲ. ಜಮ್‌ಶೇಟ್‌ಜಿಯು ಚೀನಾದೇಶಕ್ಕೆ ಒಟ್ಟು ಐದು ಸಲ ಹೋಗಿ ಬಂದನು. ನಾಲ್ಕನೆಯ ಯಾತ್ರೆಯ ಕಥೆಯಂತೂ ಮನೆಯ ಮಕ್ಕಳಿಗೆ ಹೇಳತಕ್ಕದ್ದಾಗಿದೆ. 1805ನೆಯ ಇಸವಿ. ಇಂಗ್ಲಿಷರಿಗೂ ಫ್ರೆಂಚರಿಗೂ ಘೋರಯುದ್ಧ ನಡೆಯುತ್ತಿತ್ತು. ಆತನು ಏರಿದ್ದ ‘ಬ್ರನ್ಸ್‌ವಿಕ್’ ಎಂಬ ಹಡಗನ್ನು ಸಿಂಹಳದ ಬಳಿಯಲ್ಲಿ ಫ್ರೆಂಚ್ ಯುದ್ಧನೌಕೆಯು ಅಡ್ಡಗಟ್ಟಿ ಹಿಡಿಯಿತು. ಸೆರೆ ಸಿಕ್ಕಿದವರನ್ನು ಆಫ್ರಿಕಾ ಖಂಡದ ದಕ್ಷಿಣದ ತುದಿಗೆ, ಗುಡ್ ಹೋಪ್ ಭೂಶಿರಕ್ಕೆ, ಕೊಂಡೊಯ್ದರು. ಹಡಗು ಅಲ್ಲಿಯೇ ಒಡೆದು ನಾಶವಾಯಿತು. ಸರಕೆಲ್ಲ ಕೈಬಿಟ್ಟುಹೋಗಿ, ಭಾಷೆ ಬಾರದ ತೀರದಲ್ಲಿ ನಿಂತ ಇಪ್ಪತ್ತೆರಡು ವರ್ಷದ ಯುವಕನ ಸ್ಥಿತಿಯನ್ನು ವಾಚಕರೇ ಊಹಿಸಬಹುದು. ಅಲ್ಲಿಂದ ಹೇಗೋ ಸ್ವದೇಶಕ್ಕೆ ಹಿಂದಿರುಗಿದವನು ಹೆದರಿ ಮನೆಯಲ್ಲಿ ಕುಳಿತುಕೊಳ್ಳದೆ ಐದನೆಯ ಸಲವೂ ಹಡಗನ್ನೇರಿದನು! ಅದೇ ‘ಬ್ರನ್ಸ್‌ವಿಕ್’ ಹಡಗಿನಲ್ಲಿ ವೈದ್ಯನಾಗಿದ್ದ ವಿಲಿಯಂ ಜಾರ್ಡಿನ್ ಎಂಬಾತನ ಪರಿಚಯವು ಮುಂದೆ ಬಲವಾದ ವ್ಯಾಪಾರಸಂಬಂಧವಾಗಿ ಪರಿಣಮಿಸಿತು. ಮುಂಬಯಿಯಲ್ಲಿ ಆತನೊಡನೆ ಕೂಡಿ ವ್ಯವಹಾರ ಮಾಡಿದವರಲ್ಲಿ ಮೋತೀಚಂದ್ ಅಮೀಚಂದನೆಂಬ ಜೈನನೂ ಮಹಮ್ಮದ್ ಅಲಿ ರೋಗೇ ಎಂಬ ಕೊಂಕಣಿ ಮುಸಲ್ಮಾನನೂ ರೊಜೇರಿಯೋ ಡಿ ಫಾರಿಯಾ ಎಂಬ ಗೋವೆಯ ಕ್ರೈಸ್ತನೂ ಇದ್ದರು.

ಇಲ್ಲಿ ಒಂದು ವಿಷಯವನ್ನು ಮರೆಮಾಚುವುದು ನ್ಯಾಯವಲ್ಲ. ಆತನು ಸಾಗಿಸಿದ ಸರಕು ಹತ್ತಿಯೊಂದೇ ಅಲ್ಲ, ಅಫೀಮೂ ಇತ್ತು. ಮಾಳವದ ಅಫೀಮು ಜಾರ್ಡಿನ್ನನ ಕೋಠಿಯ ಮೂಲಕ ಚೀನಾದೇಶದ ಮನೆಮನೆಗಳನ್ನು ಹೊಕ್ಕು ಕೆಡಿಸಿತು. ಆ ದೇಶದ ಅರಸರು ಅದನ್ನು ತಡೆಯಹೋದಾಗ 1839ರಲ್ಲಿ ಯುದ್ಧವೇ ಹುಟ್ಟಿತು. ಆ ಯುದ್ಧ ಮುಗಿದ 1842ರಲ್ಲಿಯೇ ಜಮ್‌ಶೇಟ್‌ಜಿಗೆ ‘ಸರ್’ ಎಂಬ ಬಿರುದು ದೊರೆತದ್ದು. ಆಸ್ಪತ್ರೆಗೂ ಶಾಲೆಗಳಿಗೂ ಧಾರಾಳವಾಗಿ ಕೊಟ್ಟ ಕೈಯೇ ಈ ಪೆಟ್ಟಿಗೆಗಳನ್ನೂ ಸಾಗಿಸಿತೆಂಬುದು ನಿಜ. ದಾನದಿಂದ ದ್ರವ್ಯದ ದೋಷ ಕಳೆಯುವುದೆಂದು ವಾದಿಸುವ ಪಂಡಿತರಿದ್ದಾರೆ. ನಾನು ಆ ಪಕ್ಷದವನಲ್ಲ. ಆದರೆ ದ್ರವ್ಯಕ್ಕೆ ದೋಷವಿದೆಯೆಂದು, ಅದರಿಂದ ಮೇವು ತಿಂದ ಹಸುವಿಗೆ ಹಸಿವು ತೀರಲಿಲ್ಲವೆನ್ನುವ ಪಕ್ಷದವನೂ ಅಲ್ಲ.

ಇನ್ನು ನಾಯಿಗಳ ಪ್ರಕರಣ. ಬೇಸಗೆಯ ಬಿಸಿಲಿನಿಂದ ನಾಯಿಗಳಿಗೆ ಹುಚ್ಚು ಹಿಡಿಯುವುದೆಂದು ನಂಬಿ, ಕುಂಪಣಿ ಸರ್ಕಾರದವರು 1813ರಿಂದ ಮುಂಬಯಿಯಲ್ಲಿ ಆ ತಿಂಗಳುಗಳಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುತ್ತಿದ್ದರು. 1832ರಲ್ಲಿ ಕೊಲ್ಲುವ ಅವಧಿಯನ್ನು ಬೆಳೆಸಿ, ಒಂದು ನಾಯಿಗೆ ಎಂಟಾಣೆಯಂತೆ ಇನಾಮು ಸಾರಿದರು. ಇನಾಮಿನ ಆಸೆ ಹುಟ್ಟಿದ ಮೇಲೆ ಸಾಕಿದ ನಾಯಿ ಯಾವುದು, ದಿಕ್ಕಿಲ್ಲದ ನಾಯಿ ಯಾವುದು? ನಾಯಿ ಹಿಡಿಯುವವರು ಮನೆಗಳ ಆವರಣವನ್ನೂ ನುಗ್ಗತೊಡಗಿದರು. ಪಾರಸಿಕರಲ್ಲಿ ಶವವನ್ನು ನಾಯಿಗೆ ತೋರಿಸುವ ‘ಸಗ್‌ದೀದ್’ ಎಂಬ ಸಂಸ್ಕಾರವೇ ಉಂಟು. ಅವರಿಗೆ ನಾಯಿಯು ಪವಿತ್ರಪ್ರಾಣಿ. ಜೂನ್ 6ರಂದು, ಅವರ ಪುಣ್ಯದಿನವೊಂದರಲ್ಲಿ, ಜನರು ನಾಯಿ ಹಿಡಿಯುವವರ ಮೇಲೆ ಬಿದ್ದರು. ಅಂಗಡಿಗಳು ಮುಚ್ಚಿದವು, ಹಿಂದುಗಳೂ ಜೈನರೂ ಮುಸಲ್ಮಾನರೂ ಜತೆಗೂಡಿದರು, ಕೋಟೆಯಲ್ಲಿದ್ದ ಸಿಪಾಯಿಗಳಿಗೆ ಹೋಗುವ ಆಹಾರವೂ ತಡೆಯಲ್ಪಟ್ಟಿತು. ಕಡೆಗೆ ಸೈನ್ಯವು ಬಂದು ಗುಂಪನ್ನು ಚದುರಿಸಿತು.

ಸರ್ಕಾರದ ಭಯವು ನಿರಾಧಾರವಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಹುಚ್ಚುನಾಯಿ ಕಚ್ಚಿದವನಿಗೆ ಆಗ ಮದ್ದೇ ಇರಲಿಲ್ಲ. ಪಾಸ್ತೂರ್ ಮಹಾಶಯನು ಮೊದಲ ಚುಚ್ಚುಮದ್ದನ್ನು ಒಬ್ಬ ಬಾಲಕನಿಗೆ ಪ್ರಯೋಗಿಸಿದ್ದು 1885ರಲ್ಲಿ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಜೀವದಯೆಯ ಉಪನ್ಯಾಸವು ನಿಲ್ಲಲಾರದು. ಹಾಗೆಂದು, ಧರ್ಮರಾಯನ ಹಿಂದೆ ನಡೆದ ನಾಯಿಯ ಕಥೆಯನ್ನು ಕೇಳಿ ಕಣ್ಣೊರಸಿಕೊಂಡವರೇ ಮನೆಗೆ ಮರಳಿ ಬಾಗಿಲ ನಾಯಿಗೆ ಕಲ್ಲೆಸೆಯುವುದೂ ನನಗೆ ಸರಿದೋರುವುದಿಲ್ಲ.

ಗಲಭೆಯಿಂದ ಸಾಧ್ಯವಾಗದ್ದನ್ನು ವರ್ತಕರು ಹಣದಿಂದ ಸಾಧಿಸಿದರು. ಎರಡು ವರ್ಷಗಳ ತರುವಾಯ, 1834ರಲ್ಲಿ, ಜಮ್‌ಶೇಟ್‌ಜಿಯೂ ಅಮೀಚಂದ್ ಮನೆತನದ ಜೈನ ಸಾಹುಕಾರರೂ ಸೇರಿ ಮುಂಬಯಿಯ ಪಿಂಜರಾಪೋಲ್ ಸಂಸ್ಥೆಯನ್ನು ಸ್ಥಾಪಿಸಿದರು. ಬೀದಿನಾಯಿಗಳ ಜೊತೆಗೆ ಮುದಿ ಹಸು, ಕುಂಟ ಎತ್ತು, ಆಡು, ಹಕ್ಕಿಗಳಿಗೂ ಅಲ್ಲಿ ಸ್ಥಳವಾಯಿತು. ಇದರ ಖರ್ಚಿಗಾಗಿ ನಗರದ ವರ್ತಕರು ತಮ್ಮ ಸರಕುಗಳ ಮೇಲೆ ತಾವೇ ‘ಲಾಗಾ’ ಎಂಬ ಒಂದು ತೆರಿಗೆಯನ್ನು ಹಾಕಿಕೊಂಡರು. ಸರ್ಕಾರದ ಆಜ್ಞೆಯಿಲ್ಲದೆ ವರ್ತಕನು ತೆರಿಗೆ ಕೊಡುವುದೆಂದರೆ ಅಪರೂಪವಲ್ಲವೆ? ಸಂಸ್ಥೆಯು ಭುಲೇಶ್ವರದ ಗಲಭೆಯ ಪೇಟೆಯ ನಡುವೆ ಇಂದಿಗೂ ನಡೆಯುತ್ತಿದೆ.

‘ಪಿಂಜರಾ’ ಎಂಬುದು ಸಂಸ್ಕೃತದ ‘ಪಂಜರ’ವೇ, ‘ಪೋಳ್’ ಎಂದರೆ ಗುಜರಾತಿಯಲ್ಲಿ ಆವರಣವುಳ್ಳ ಕೇರಿ. ಹೆಸರಿನಂತೆ ಪದ್ಧತಿಯೂ ಗುಜರಾತಿನದು, ಬಹು ಹಳೆಯದು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಖಂಬಾಯತದಲ್ಲಿ ಪಕ್ಷಿಗಳ ಆಸ್ಪತ್ರೆಯೊಂದನ್ನು ಕಂಡನು. ಬಿಳಿಗಡ್ಡದ ವೃದ್ಧನೊಬ್ಬನು ಮೂಗಿನ ಮೇಲೆ ಕನ್ನಡಕವಿಟ್ಟುಕೊಂಡು, ಹತ್ತಿಯಲ್ಲಿ ಸುತ್ತಿಟ್ಟಿದ್ದ ತಾಯಿಯಿಲ್ಲದ ಇಲಿಮರಿಗಳಿಗೆ ಹಕ್ಕಿಯ ಗರಿಯಿಂದ ಹಾಲು ಕುಡಿಸುತ್ತಿದ್ದುದನ್ನು ಆಶ್ಚರ್ಯದಿಂದ ಬರೆದಿಟ್ಟಿದ್ದಾನೆ. ಅದೇ ವರ್ಷದ ಕೊನೆಯಲ್ಲಿ ಅವನು ನಮ್ಮ ಇಕ್ಕೇರಿಗೂ ಬಂದು ವೆಂಕಟಪ್ಪನಾಯಕನ ಆಸ್ಥಾನವನ್ನು ನೋಡಿಹೋದನು.

ಇಂಥ ಹಳೆಯ ಸಂಸ್ಥೆಗಳಿಗೆ ಒಂದು ಕೊರತೆಯಿತ್ತು. ಅವು ಪ್ರಾಣಿಗೆ ನೆಲೆಯನ್ನೂ ಮೇವನ್ನೂ ಕೊಡುತ್ತಿದ್ದುವೇ ಹೊರತು ಚಿಕಿತ್ಸೆಯು ಸಾಲದಾಗಿತ್ತು. ರೋಗಿಯೂ ನಿರೋಗಿಯೂ ಒಂದೇ ಕೊಟ್ಟಿಗೆಯಲ್ಲಿದ್ದರೆ ಫಲವೇನೆಂಬುದು ದನ ಕಟ್ಟಿದ ಯಾವ ಮನೆಯವರಿಗಾದರೂ ಗೊತ್ತು. ದಿನ್‌ಶಾ ಪೆಟಿಟ್ ಎಂಬ ಗಿರಣಿಯ ಒಡೆಯನು ಪರೇಲಿನಲ್ಲಿ ಪತ್ನಿ ಸಕರಬಾಯಿಯ ಹೆಸರಿನಲ್ಲಿ ಪ್ರಾಣಿಗಳ ಆಸ್ಪತ್ರೆಯನ್ನು ಕಟ್ಟಿಸಿದ ಮೇಲೆ ಮುಂಬಯಿಯಲ್ಲಿ ಈ ಕೊರತೆಯು ಕೆಲಮಟ್ಟಿಗೆ ನೀಗಿತು.

1832ರ ಜಗಳವು ಮಾತ್ರ ಇನ್ನೂ ತೀರಿಲ್ಲ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನವರು ದೆಹಲಿಯ ಬೀದಿನಾಯಿಗಳೆಲ್ಲವನ್ನೂ ಹಿಡಿದು ಆಶ್ರಯಗಳಲ್ಲಿ ಇರಿಸಬೇಕೆಂದು ಅಪ್ಪಣೆ ಮಾಡಿದರು. 22ರಂದು ಅದನ್ನು ತಿದ್ದಿ, ಸಂತಾನಹರಣ ಮಾಡಿ ಚುಚ್ಚುಮದ್ದು ಹಾಕಿ ಹಿಂದಿನ ಸ್ಥಳದಲ್ಲಿಯೇ ಬಿಡಬೇಕೆಂದೂ, ಹುಚ್ಚು ಹಿಡಿದವುಗಳನ್ನೂ ಮೇಲೆ ಬೀಳುವವುಗಳನ್ನೂ ಬಿಡಕೂಡದೆಂದೂ, ಅನ್ನ ಹಾಕುವುದಕ್ಕೆ ಸ್ಥಳ ಗೊತ್ತುಮಾಡಬೇಕೆಂದೂ ಹೇಳಿದರು. ಎರಡನೆಯ ಮಾತೇ ವಿವೇಕದ್ದೆಂದು ನನಗೆ ತೋರುತ್ತದೆ. ಆದರೆ ಚುಚ್ಚುಮದ್ದಿಗೂ ವೈದ್ಯನಿಗೂ ಹಣ ಬೇಕು, ಅದು ನಗರಸಭೆಯ ಬೊಕ್ಕಸದಿಂದಲೇ ಪೂರ್ತಿಯಾಗಿ ಬರುವುದೆಂದು ನಂಬಿ ಕುಳಿತರೆ ನಾಯಿಗಳೂ ಉಳಿಯವು, ಮಕ್ಕಳ ಭಯವೂ ಹೋಗದು.

ಅಂಗಡಿಯುಳ್ಳ ವಾಚಕರು ನಿತ್ಯದ ವ್ಯಾಪಾರದಲ್ಲಿ ಒಂದೆರಡು ರೂಪಾಯಿಗಳನ್ನು ಬೇರೆ ಡಬ್ಬಿಗೆ ಹಾಕಿ, ತಿಂಗಳ ಕಡೆಯಲ್ಲಿ ಎಣಿಸಿ ನೋಡಲಿ. ಕೊಡುವಾಗ ಸಂಸ್ಥೆಯವರನ್ನು ಲೆಕ್ಕ ಕೇಳಲು ಸಂಕೋಚಪಡಬೇಕಾಗಿಲ್ಲ: ವೈದ್ಯನು ಎಷ್ಟು ದಿನಕ್ಕೊಮ್ಮೆ ಬರುತ್ತಾನೆ, ರೋಗದ ಪ್ರಾಣಿಗೆ ಬೇರೆ ಕೊಟ್ಟಿಗೆಯುಂಟೆ, ಎಷ್ಟು ನಾಯಿಗಳಿಗೆ ಚುಚ್ಚುಮದ್ದಾಯಿತು. ಮೈಸೂರಿನವರಿಗೆ ಚಾಮುಂಡಿಬೆಟ್ಟದ ತಪ್ಪಲಿನ ಪಿಂಜರಾಪೋಲ್ ದೂರವೇನಲ್ಲ. ಸಂಕ್ರಾಂತಿಯಂದು ಅಂಥಲ್ಲಿಗೆ ಕಬ್ಬು ಬೆಲ್ಲಗಳನ್ನು ಹೊತ್ತು ಹೋಗುವವರು ಅನೇಕರಿರುತ್ತಾರೆ. ಹಸಿಮೇವು ಬತ್ತಿ ಒಣಹುಲ್ಲಿನ ಬೆಲೆ ಏರುವ ಚೈತ್ರ ವೈಶಾಖಗಳಲ್ಲಿ ಹೋಗಿ ಬಣವೆಯ ಎತ್ತರವನ್ನು ನೋಡಿಬನ್ನಿ.