ತೆಂಗಿನ ಸೀಮೆಯ ನೆರೆಹೊರೆ ಪ್ರಣಾಳಿಕೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹುಟ್ಟಿ ಬೆಳೆದವರೂ ಇಲ್ಲಿ ತೋಟ ಕೊಂಡು ನೆಲೆಸಲು ಬಂದವರೂ ಇಂದಿನಿಂದ ಒಂದೇ ಮಾತಿಗೆ ನಿಲ್ಲುತ್ತೇವೆ. ಈ ನೆಲದಲ್ಲಿ ಬಡಾವಣೆ ಏಳಲಿ, ತೋಟದ ಮನೆ ಏಳಲಿ, ಕಾರ್ಖಾನೆ ಏಳಲಿ, ಪಕ್ಕದ ಊರಿನ ಮರ್ಯಾದೆ ಉಳಿಸಿಕೊಂಡೇ ಏಳಬೇಕು. ನಮ್ಮ ಚಳವಳಿ ಹುಟ್ಟಿರುವುದು ಇದಕ್ಕಾಗಿ.

ಊರವರನ್ನು ಕೇಳದೆ ಕಟ್ಟುವ ಕಾಲ ಮುಗಿಯಿತು. ಚಿಕ್ಕನಾಯಕನಹಳ್ಳಿಯ ಗುಡ್ಡಗಳಿಂದ ಅದಿರಿನ ಲಾರಿಗಳು ಓಡಿದವು, ಕೆಂಪು ಧೂಳು ತೆಂಗಿನ ಗರಿಗಳ ಮೇಲೆ ಕೂತಿತು. ಕೊನೆಗೆ 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ತಡೆಯಬೇಕಾಯಿತು. 2020ರ ಭೂಸುಧಾರಣಾ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳು ಹೋದವು. ಬೇಸಾಯಗಾರರಲ್ಲದವರೂ ತೋಟ ಕೊಳ್ಳುವಂತಾಯಿತು. ಕೊಂಡವನು ನೆರೆಯವನಾಗುವುದು ಹೇಗೆಂದು ಮಾತ್ರ ಯಾವ ಕಾಯ್ದೆಯೂ ಹೇಳಲಿಲ್ಲ. ಬಂಡಿದಾರಿಗೆ ತಂತಿಬೇಲಿ ಬಿತ್ತು. ದನ ಹೋಗುವ ಓಣಿಗೆ ಗೇಟು ಬಂತು. ಆಳದ ಬೋರು ಕೊರೆಸಿದವರ ಹುಲ್ಲುಹಾಸು ಹಸಿರಾಯಿತು, ಪಕ್ಕದ ತೋಟದ ಸುಳಿ ಒಣಗಿತು. ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಗಿದೆ. ಇನ್ನೂ ಬರುವವರಿದ್ದಾರೆ. ಅವರು ಬರುವ ಮೊದಲೇ ನೆರೆಹೊರೆಯ ಧರ್ಮವನ್ನು ಬರೆದಿಡುವುದು ನಮ್ಮ ಹೊಣೆ.

ನಮ್ಮ ನಂಬಿಕೆಗಳು ಇವು.

ಕ್ರಯಪತ್ರ ಜಮೀನನ್ನು ಕೊಡುತ್ತದೆ. ಊರನ್ನು ಊರವರೇ ಕೊಡಬೇಕು.

ಸರ್ವೆ ನಂಬರಿನ ಗೆರೆ ನೆಲದ ಮೇಲಿದೆ. ನೆಲದೊಳಗಿನ ನೀರಿಗೆ ಆ ಗೆರೆಯಿಲ್ಲ.

ಗೋಮಾಳ, ಖರಾಬು, ಹಳ್ಳ, ಕೆರೆಯಂಗಳ ಯಾವುದೂ ಖಾಲಿ ಜಾಗವಲ್ಲ. ಜಮೀನಿಲ್ಲದವರ ಕುರಿ, ದನ, ಸೌದೆಗೆ ಅವೇ ಆಧಾರ.

ಊರೆಂದರೆ ಊರೊಳಗಿನ ದೊಡ್ಡ ಬೀದಿಯಷ್ಟೇ ಅಲ್ಲ. ಗೊಲ್ಲರಹಟ್ಟಿಯೂ ತಾಂಡಾವೂ ಪರಿಶಿಷ್ಟರ ಕಾಲೋನಿಯೂ ಊರೇ. ಅಲ್ಲಿನವರ ಮಾತಿಗೂ ಅಷ್ಟೇ ತೂಕ.

ಕಾಯಿ ಕೀಳುವವರು, ಸುಲಿಯುವವರು, ರಸ ಸೋರುವ ರೋಗ ಹಿಡಿದ ಮರವನ್ನು ದೂರದಿಂದಲೇ ಗುರುತಿಸುವವರು ನಮ್ಮ ಗುರುಗಳು. ದುಡ್ಡು ಕೊಡುತ್ತೇವೆಂದು ಅವರನ್ನು ಏಕವಚನದಲ್ಲಿ ಕರೆಯುವ ಹಕ್ಕು ಯಾರಿಗೂ ಇಲ್ಲ.

ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾದರೇನೇ ಕಾಯಿ ಉಂಡೆ ಕೊಬ್ಬರಿಯಾಗುತ್ತದೆ. ನಂಬಿಕೆಯೂ ಹಾಗೆಯೇ ಮಾಗಬೇಕು.

ಈ ನಂಬಿಕೆಗಳಿಂದ ನಮ್ಮ ಸಂಕಲ್ಪಗಳು ಹುಟ್ಟಿವೆ.

ಅಡಿಪಾಯ ತೋಡುವ ಮೊದಲು ನಕ್ಷೆಯನ್ನು ಗ್ರಾಮಸಭೆಯ ಮುಂದಿಡುತ್ತೇವೆ. ಊರು ಬೇಡವೆಂದದ್ದನ್ನು ತಿದ್ದುತ್ತೇವೆ.

ಗ್ರಾಮನಕಾಶೆಯಲ್ಲಿ ಕಾಣಲಿ, ಕಾಣದಿರಲಿ, ರೂಢಿಯ ದಾರಿಯನ್ನು ಮುಚ್ಚುವುದಿಲ್ಲ.

ಹೊಸ ಬೋರು ಕೊರೆಸುವ ಮುನ್ನ ಸುತ್ತಲಿನ ತೋಟದವರೊಡನೆ ಕೂತು ಮಾತಾಡುತ್ತೇವೆ. ನಮ್ಮ ನೆಲದಲ್ಲಿ ಬಿದ್ದ ಮಳೆನೀರನ್ನು ಬದು ಹಾಕಿ ಇಂಗಿಸುತ್ತೇವೆ. ಕೆರೆಯ ಹೂಳೆತ್ತುವ ದಿನ ನಮ್ಮ ಮನೆಯವರೂ ಕೆರೆಯಂಗಳದಲ್ಲಿರುತ್ತಾರೆ.

ಕೆಲಸವನ್ನು ಮೊದಲು ಊರವರಿಗೆ ಕೊಡುತ್ತೇವೆ. ಹೆಣ್ಣಾಳು ಗಂಡಾಳೆನ್ನದೆ ಸಮಾನ ಕೂಲಿಯನ್ನು ಹೇಳಿದ ದಿನಕ್ಕೆ ಕೊಡುತ್ತೇವೆ.

ಸಾಲಕ್ಕೆ ಸಿಕ್ಕಿ ಜಮೀನು ಮಾರುವವರ ಅವಸರವನ್ನು ನಮ್ಮ ಲಾಭ ಮಾಡಿಕೊಳ್ಳುವುದಿಲ್ಲ.

ನಮ್ಮ ಮಕ್ಕಳು ಊರ ಮಕ್ಕಳೊಡನೆ ಬೆಳೆಯಬೇಕು. ಊರಿನ ಶಾಲೆ, ಹಬ್ಬ, ಸಾವು, ಜಾತ್ರೆ ನಮ್ಮವೂ ಆಗಬೇಕು.

ನಾಳೆ ನಮ್ಮ ಜೊತೆಗೂಡುವ ಗೆಳೆಯರೇ, ಗೆಳತಿಯರೇ, ಈ ಮಾತು ನಿಮಗಾಗಿ. ನೀವು ನೊಣವಿನಕೆರೆಯಲ್ಲಿರಬಹುದು, ಹುಳಿಯಾರಿನಲ್ಲಿರಬಹುದು, ಮಾಯಸಂದ್ರದಲ್ಲಿರಬಹುದು. ಬೆಂಗಳೂರಿನಲ್ಲಿ ಕೂತು ಇಲ್ಲೊಂದು ತೋಟದ ಕನಸು ಕಾಣುತ್ತಿರಬಹುದು. ಕೊಳ್ಳುವವರು ಮುಂಗಡ ಕೊಡುವ ಮೊದಲು ಬದುವಿನಾಚೆಯವರ ಮನೆಗೆ ಹೋಗಿ, ಅವರ ಹೆಸರು ಕೇಳಿ, ನೀರಿನ ಕಷ್ಟ ಕೇಳಿ. ಊರಲ್ಲಿರುವವರು ಬಂದವರನ್ನು ಕೂರಿಸಿ, ನಿಮ್ಮ ಊರಿನ ಕಟ್ಟುಪಾಡನ್ನು ಅಂಜದೆ ಹೇಳಿ. ಮುಂದಿನ ಗ್ರಾಮಸಭೆಗೆ ಇಬ್ಬರೂ ಒಟ್ಟಿಗೆ ಬನ್ನಿ.